ಹೂಳಿಗೆ ಯಾರ ಗದ್ದೆ?

ಬಾಂಗ್ಲಾದೇಶದ ನೈಋತ್ಯ ಮೂಲೆಯಲ್ಲಿರುವ ಜೆಸ್ಸೋರ್, ಖುಲ್ನಾ, ಸಾತ್‌ಖೀರಾ ಜಿಲ್ಲೆಗಳಲ್ಲಿ ಅನೇಕ ಕಡೆ ನದಿಯ ತಳ ಮೇಲಿದೆ, ಪಕ್ಕದ ಗದ್ದೆ ಕೆಳಗಿದೆ. ನದಿ ಉಕ್ಕದಿದ್ದರೂ ಅಲ್ಲಿ ಊರು ಮುಳುಗುತ್ತದೆ. ಆಷಾಢದಲ್ಲಿ ಸುರಿದ ಮಳೆನೀರು ಹೊರಗೆ ಹೋಗಲು ದಾರಿ ಕಾಣದೆ ಒಡ್ಡಿನೊಳಗೇ ನಿಲ್ಲುತ್ತದೆ. ಕೆಲವು ವರ್ಷ ಕಾರ್ತಿಕ ಕಳೆದರೂ ಇಳಿಯುವುದಿಲ್ಲ. ಶಾಲೆ, ಅಡುಗೆಮನೆ, ಸ್ಮಶಾನ ಎಲ್ಲದರಲ್ಲೂ ನೀರು. ದನಗಳನ್ನು ರಸ್ತೆಯ ಏರಿಯ ಮೇಲೆ ಕಟ್ಟಿ, ಪಕ್ಕದಲ್ಲೇ ತಾಡಪಾಲು ಎಳೆದುಕೊಂಡು ಜನ ತಿಂಗಳುಗಟ್ಟಲೆ ದಿನ ದೂಡುತ್ತಾರೆ. ಸರಕಾರದ ಕಡತಗಳಲ್ಲಿ ಇದಕ್ಕೆ ಜಲಾವೃತ ಪ್ರದೇಶದ ಸಮಸ್ಯೆ ಎಂದು ಹೆಸರು. ಮೂಲದಲ್ಲಿ ಇದು ಹೂಳಿನ ಸಮಸ್ಯೆ. ಗದ್ದೆಗೆ ಬರಬೇಕಾಗಿದ್ದ ಮಣ್ಣು ನದಿಯ ಹೊಟ್ಟೆಯಲ್ಲಿ ಕೂತಿದೆ, ಅಷ್ಟೇ.

ಗಂಗೆ, ಬ್ರಹ್ಮಪುತ್ರ, ಮೇಘನಾ ಮೂರೂ ಸೇರಿ ವರ್ಷಕ್ಕೆ ಸುಮಾರು ನೂರು ಕೋಟಿ ಟನ್ ಮಣ್ಣನ್ನು ಬಂಗಾಳ ಕೊಲ್ಲಿಗೆ ತರುತ್ತವೆ ಎಂಬುದು ಹಳೆಯ ಅಂದಾಜು. ಈ ಮಣ್ಣು ನೈಋತ್ಯ ಭಾಗಕ್ಕೆ ಬರುವ ದಾರಿ ಮಾತ್ರ ವಿಚಿತ್ರ. ಅದು ಮೇಲಿನಿಂದ ಇಳಿದು ಬರುವುದಕ್ಕಿಂತ ಹೆಚ್ಚಾಗಿ ಕೆಳಗಿನಿಂದ ಹತ್ತಿ ಬರುತ್ತದೆ. ಮೇಘನಾ ಅಳಿವೆಯಲ್ಲಿ ಸಮುದ್ರ ಸೇರಿದ ಮಣ್ಣಿನ ಒಂದು ಪಾಲನ್ನು ಕರಾವಳಿಯ ಪ್ರವಾಹ ಪಶ್ಚಿಮಕ್ಕೆ ಒಯ್ಯುತ್ತದೆ. ದಿನಕ್ಕೆರಡು ಸಲ ಏರುವ ಉಬ್ಬರ ಅದನ್ನು ಸುಂದರಬನದ ಹೊಳೆಗಳ ಮೂಲಕ ಬಹುದೂರ ಒಳಕ್ಕೆ ತಳ್ಳುತ್ತದೆ. ಚಳಿಗಾಲ ಕಳೆದು ಫಾಲ್ಗುಣ, ಚೈತ್ರ ಬಂದಾಗ ಈ ಮಣ್ಣು ಅತಿ ದಟ್ಟ. ಆ ತಿಂಗಳುಗಳಲ್ಲಿ ಮೇಲಿನಿಂದ ಸಿಹಿನೀರಿನ ಒತ್ತಡ ಇಲ್ಲದ್ದರಿಂದ ಉಬ್ಬರದ ನೀರು ಜೋರಾಗಿ ಒಳನುಗ್ಗುತ್ತದೆ, ಇಳಿತ ನಿಧಾನವಾಗಿ ಹಿಂದೆ ಸರಿಯುತ್ತದೆ. ಜೋರಾಗಿ ಬಂದ ನೀರು ಹೊತ್ತು ತಂದದ್ದನ್ನು ನಿಧಾನವಾಗಿ ಹೋಗುವ ನೀರು ಪೂರ್ತಿ ಹೊತ್ತೊಯ್ಯಲಾರದು. ಉಳಿದದ್ದು ಎಲ್ಲೋ ಒಂದು ಕಡೆ ಕೂರಲೇಬೇಕು.

ಒಡ್ಡುಗಳಿಲ್ಲದ ಕಾಲದಲ್ಲಿ ಅದು ಕೂರುತ್ತಿದ್ದ ಜಾಗ ಬೀಲ್. ಎರಡು ನದಿಗಳ ನಡುವೆ ತಟ್ಟೆಯ ಹಾಗೆ ತಗ್ಗಾಗಿರುವ ವಿಶಾಲ ಬಯಲಿಗೆ ಬಂಗಾಳದಲ್ಲಿ ಬೀಲ್ ಎನ್ನುತ್ತಾರೆ. ಉಬ್ಬರದ ನೀರು ಬೀಲಿನ ತುಂಬ ಹರಡಿ, ಒಂದೆರಡು ತಾಸು ನಿಂತು, ಮಣ್ಣಿಳಿಸಿ, ತಿಳಿಯಾಗಿ ಹಿಂದಿರುಗುತ್ತಿತ್ತು. ಬೀಲಿನಿಂದ ಒಟ್ಟಿಗೆ ಹೊರಡುವ ಅಷ್ಟು ನೀರು ನದಿಯ ತಳವನ್ನು ಕೆರೆದುಕೊಂಡು ಹೋಗುತ್ತಿತ್ತು. ಒಂದು ಉಬ್ಬರದಲ್ಲಿ ಎಷ್ಟು ನೀರು ಒಳಗೆ ಬಂದು ಹೊರಗೆ ಹೋಗುತ್ತದೋ ಅದಕ್ಕೆ ತಕ್ಕಷ್ಟು ನದಿ ಆಳವಾಗಿರುತ್ತದೆ. ಬೀಲಿಗೆ ಅಡ್ಡ ಕಟ್ಟಿದರೆ ಈ ನೀರಿನ ಪ್ರಮಾಣ ಕುಗ್ಗುತ್ತದೆ, ನದಿಯೂ ಅಷ್ಟಕ್ಕೇ ಕುಗ್ಗುತ್ತದೆ. ಇಡೀ ಲೇಖನದಲ್ಲಿ ಎಂಜಿನಿಯರಿಂಗ್ ಎಂಬುದೇನಾದರೂ ಇದ್ದರೆ ಅದು ಇಷ್ಟೇ.

ಕುಗ್ಗಲು ಇನ್ನೊಂದು ಕಾರಣವೂ ಇತ್ತು. ಗಂಗೆ ಶತಮಾನಗಳಿಂದ ಪೂರ್ವಕ್ಕೆ ಸರಿಯುತ್ತ ಬಂದಿದೆ. ಭೈರವ, ಕಪೋತಾಕ್ಷದಂಥ ನದಿಗಳಿಗೆ ಮೂಲದ ನೀರು ತಪ್ಪಿದ್ದು ಬಹಳ ಹಳೆಯ ಕಥೆ. ಬಂಗಾಳಿ ಕವಿ ಮೈಕೆಲ್ ಮಧುಸೂದನ ದತ್ತ 1824ರಲ್ಲಿ ಹುಟ್ಟಿದ ಸಾಗರದಾಂಡಿ ಇದೇ ಕಪೋತಾಕ್ಷದ ದಂಡೆಯ ಹಳ್ಳಿ. ಅವನು ಫ್ರಾನ್ಸಿನಲ್ಲಿ ಕೂತು ನೆನೆದು ಪದ್ಯ ಬರೆದ ಹೊಳೆ ಮುಂದೆ ಮೈಲಿಗಟ್ಟಲೆ ಜಾಗದಲ್ಲಿ ಅಂತರಗಂಗೆ ಮುಚ್ಚಿದ ಚರಂಡಿಯಂತಾಯಿತು. 1975ರಲ್ಲಿ, ಭಾರತ ಗಂಗೆಗೆ ಅಡ್ಡ ಕಟ್ಟಿದ ಫರಕ್ಕಾ ಬ್ಯಾರೇಜ್ ಕೆಲಸ ಶುರುಮಾಡಿದ ಮೇಲೆ ಬೇಸಿಗೆಯಲ್ಲಿ ಗಂಗೆಯ ಕವಲಾದ ಗೊರಾಯ್ ನದಿಗೆ ಬರುತ್ತಿದ್ದ ಸಿಹಿನೀರೂ ಕಡಿಮೆಯಾಯಿತು. ಢಾಕಾದಲ್ಲಿ ಎಲ್ಲ ತಪ್ಪನ್ನೂ ಫರಕ್ಕಾದ ತಲೆಗೆ ಕಟ್ಟುವ ರೂಢಿಯಿದೆ. ಆದರೆ ಈ ಭಾಗದ ಹರಿ, ಹಾಮ್‌ಕುಡಾ ನದಿಗಳು ಹೂತುಹೋದ ಬಗೆಯನ್ನು ನೋಡಿದರೆ ದೊಡ್ಡ ಪಾಲು ಊರೊಳಗಿನ ಒಡ್ಡುಗಳದ್ದೇ ಎಂದು ನನಗನ್ನಿಸುತ್ತದೆ.

ಹಿಂದೆ ಒಡ್ಡುಗಳೇ ಇರಲಿಲ್ಲ ಎಂದಲ್ಲ. ಜಮೀನ್ದಾರರ ಕಾಲದಲ್ಲಿ ‘ಅಷ್ಟಮಾಸಿ ಬಾಂಧ್’ ಎಂಬ ಪದ್ಧತಿ ಇತ್ತು. ವರ್ಷದ ಎಂಟು ತಿಂಗಳು ಮಣ್ಣಿನ ತಗ್ಗು ಒಡ್ಡು ಹಾಕಿ ಉಪ್ಪುನೀರು ತಡೆದು ಭತ್ತ ಬೆಳೆಯುತ್ತಿದ್ದರು. ಕೊಯ್ಲು ಮುಗಿದ ಮೇಲೆ ಒಡ್ಡು ತೆರೆದು ಉಬ್ಬರಕ್ಕೆ ಗದ್ದೆ ಬಿಟ್ಟುಕೊಡುತ್ತಿದ್ದರು. ವರ್ಷವೂ ಹೊಸ ಮಣ್ಣು ಬೀಳುತ್ತಿತ್ತು, ಮೀನೂ ಬರುತ್ತಿತ್ತು. ಈಜಿಪ್ಟಿನ ನೀರಾವರಿಯಲ್ಲಿ ಹೆಸರು ಮಾಡಿದ ವಿಲಿಯಂ ವಿಲ್‌ಕಾಕ್ಸ್ ಬಂಗಾಳದ ಪ್ರಾಚೀನ ನೀರಾವರಿಯ ಬಗ್ಗೆ ಕಲ್ಕತ್ತದಲ್ಲಿ ಕೊಟ್ಟ ಉಪನ್ಯಾಸಗಳು 1930ರಲ್ಲಿ ಪುಸ್ತಕವಾದವು. ನದಿಯ ಕೆಂಪು ನೀರನ್ನು ಗದ್ದೆಗೆ ಬಿಡದೆ ಒಡ್ಡು ಹಾಕಿದ್ದರಿಂದಲೇ ಮಣ್ಣು ಸೊರಗಿತು, ಮಲೇರಿಯಾ ಹೆಚ್ಚಿತು ಎಂಬುದು ಅವನ ವಾದ. ಆಗಿನ ನೀರಾವರಿ ಇಲಾಖೆಯವರಿಗೆ ಆ ಮಾತು ರುಚಿಸಲಿಲ್ಲ. ಜಮೀನ್ದಾರಿ ಹೋದ ಮೇಲೆ ಒಡ್ಡಿಗೆ ಮಣ್ಣು ಹಾಕಿಸುವ ಯಜಮಾನನೂ ಇಲ್ಲವಾದ. 1954, 1955ರ ದೊಡ್ಡ ನೆರೆಗಳಾದ ಬಳಿಕ ವಿಶ್ವಸಂಸ್ಥೆಯ ಕ್ರೂಗ್ ನಿಯೋಗ ಬಂದು 1957ರಲ್ಲಿ ವರದಿ ಕೊಟ್ಟಿತು. 1959ರಲ್ಲಿ ಪೂರ್ವ ಪಾಕಿಸ್ತಾನಕ್ಕೊಂದು ಜಲ ಮತ್ತು ವಿದ್ಯುತ್ ಮಂಡಳಿ ಹುಟ್ಟಿತು. 60ರ ದಶಕದಲ್ಲಿ ಅಮೆರಿಕದ ನೆರವಿನಿಂದ ಕರಾವಳಿ ಒಡ್ಡು ಯೋಜನೆ ಎದ್ದುನಿಂತಿತು. ನೆದರ್ಲೆಂಡ್ಸ್‌ನಿಂದ ಹೆಸರನ್ನೂ ಮಾದರಿಯನ್ನೂ ತಂದರು: ಪೋಲ್ಡರ್. ಸುತ್ತ ಎತ್ತರದ ಏರಿ, ನಡುನಡುವೆ ಒಮ್ಮುಖದ ಬಾಗಿಲಿನ ತೂಬು. ಒಟ್ಟು 139 ಪೋಲ್ಡರ್‌ಗಳು, ಒಳಗೆ ಸುಮಾರು 12 ಲಕ್ಷ ಹೆಕ್ಟೇರ್.

ಮೊದಲ ಹದಿನೈದು ವರ್ಷ ಪೋಲ್ಡರ್ ಚಿನ್ನದಂಥ ಬೆಳೆ ಕೊಟ್ಟಿತು. ಇದನ್ನು ಇವತ್ತಿನ ಟೀಕಾಕಾರರು ಮರೆಯುತ್ತಾರೆ. ಉಪ್ಪಿಲ್ಲದ ನೆಲದಲ್ಲಿ ಎರಡು ಬೆಳೆ ಕಂಡ ರೈತನಿಗೆ ಒಡ್ಡು ದೇವರಾಗಿಯೇ ಕಂಡಿರಬೇಕು. ಆದರೆ ತೂಬಿನ ಬಾಗಿಲಾಚೆ ಹೂಳು ಏರುತ್ತಲೇ ಇತ್ತು. 80ರ ದಶಕ ಬರುವ ಹೊತ್ತಿಗೆ ಅನೇಕ ತೂಬುಗಳ ಕದ ಹೊರಗಡೆಯಿಂದ ಮಣ್ಣು ಒತ್ತಿ ತೆರೆಯಲಾಗದಂತಾಯಿತು. ಜೆಸ್ಸೋರಿನ ಭವದಹದಲ್ಲಿ 21 ಕಂಡಿಗಳ ದೊಡ್ಡ ತೂಬು ಇದೆ. ಇಪ್ಪತ್ತಾರು-ಇಪ್ಪತ್ತೇಳು ಬೀಲುಗಳ ನೀರಿಗೆ ಅದೇ ಹೊರದಾರಿ. ಆ ದಾರಿ ಮುಚ್ಚಿಕೊಂಡ ಮೇಲೆ ‘ಜೆಸ್ಸೋರಿನ ದುಃಖ’ ಎಂಬ ಬಿರುದು ಭವದಹಕ್ಕೆ ಅಂಟಿತು. ಇತ್ತ ದಕ್ಷಿಣದಲ್ಲಿ ಹಣವಂತರು ಒಡ್ಡನ್ನು ಅಲ್ಲಲ್ಲಿ ಕೊರೆದು ಉಪ್ಪುನೀರು ಒಳಗೆ ಬಿಟ್ಟುಕೊಂಡು ಸಿಗಡಿ ಸಾಕಲು ತೊಡಗಿದರು. ಉಪ್ಪು ತಡೆಯಲೆಂದು ಕಟ್ಟಿದ ಒಡ್ಡು ಉಪ್ಪು ಹಿಡಿದಿಡುವ ಒಡ್ಡಾಯಿತು. ಅದರ ಕಥೆ ಬೇರೆಯೇ ಒಂದು ಲೇಖನ ಬೇಡುತ್ತದೆ.

1990ರಲ್ಲಿ ಖುಲ್ನಾದ ಬೀಲ್ ಡಾಕಾತಿಯಾದ ಜನ ಗುಂಪುಗೂಡಿ ಗುದ್ದಲಿ ಹಿಡಿದು ಸರಕಾರಿ ಒಡ್ಡನ್ನೇ ಕಡಿದರು. ಕಾನೂನಿನ ಕಣ್ಣಲ್ಲಿ ಅದು ಅಪರಾಧ. ಉಬ್ಬರವಾದರೋ ಕಡಿದ ಬಾಯಿಯ ಬಳಿ ನೆಲ ಎತ್ತರಿಸಿ, ನದಿ ಆಳ ಮಾಡಿ ತನ್ನ ಸಾಕ್ಷಿ ಹೇಳಿತು. ಆದರೂ 1994ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಶುರುವಾದ ಖುಲ್ನಾ-ಜೆಸ್ಸೋರ್ ಬಸಿಗಾಲುವೆ ಪುನರುಜ್ಜೀವನ ಯೋಜನೆ ನದಿಗಳಿಗೆ ಇನ್ನಷ್ಟು ತೂಬು ಹಾಕುವ ನಕ್ಷೆಯನ್ನೇ ಹಿಡಿದುಕೊಂಡು ಬಂತು.

ನಕ್ಷೆಯನ್ನು ಬದಲಿಸಿದ್ದು ಬೀಲ್ ಭಾಯ್ನಾ. ಹರಿ ನದಿಯ ದಂಡೆಯಲ್ಲಿರುವ ಇದು ಸುಮಾರು 600 ಹೆಕ್ಟೇರಿನ ಬೀಲ್. 1997ರ ಅಕ್ಟೋಬರಿನಲ್ಲಿ ಇಲ್ಲಿಯ ಜನ ಒಡ್ಡು ಕಡಿದರು. ಕಡಿದದ್ದು ಚಿಕ್ಕ ಬಾಯಿ. ಉಬ್ಬರ-ಇಳಿತ ಅದನ್ನು ತಾನೇ ಅಗಲ ಮಾಡಿಕೊಂಡಿತು. ನಾಲ್ಕು ವರ್ಷ, ದಿನಕ್ಕೆರಡು ಸಲ, ಕೆಸರು ನೀರು ಒಳಗೆ ಬಂತು, ತಿಳಿ ನೀರು ಹೊರಗೆ ಹೋಯಿತು. 2001ರ ಡಿಸೆಂಬರಿನಲ್ಲಿ ಬಾಯಿ ಮುಚ್ಚುವ ಹೊತ್ತಿಗೆ ಬೀಲಿನ ನೆಲ ಸರಾಸರಿ ಒಂದು ಮೀಟರ್ ಏರಿತ್ತು. ಬಾಯಿಯ ಹತ್ತಿರ ಒಂದೂವರೆ, ಎರಡು ಮೀಟರ್; ದೂರದ ಅಂಚಿನಲ್ಲಿ ಒಂದು ಗೇಣು. ಕೆಳಗಡೆ ಹರಿ ನದಿ ಹತ್ತಾರು ಅಡಿ ಆಳಕ್ಕಿಳಿದು ಸುತ್ತಲಿನ ಇತರ ಬೀಲುಗಳ ನೀರನ್ನೂ ಎಳೆದುಕೊಂಡು ಹೋಯಿತು. ಲೆಕ್ಕ ಹಾಕಿ ನೋಡಿ: 600 ಹೆಕ್ಟೇರಿಗೆ ಒಂದು ಮೀಟರ್ ಎಂದರೆ 60 ಲಕ್ಷ ಘನಮೀಟರ್ ಮಣ್ಣು. ಹತ್ತು ಘನಮೀಟರ್ ಹಿಡಿಯುವ ಟಿಪ್ಪರಿನಲ್ಲಿ ಸುರಿಸುವುದಾದರೆ ಆರು ಲಕ್ಷ ಲೋಡು. ಡೀಸೆಲ್ಲಿಲ್ಲದೆ, ಬಿಲ್ಲಿಲ್ಲದೆ ಸಮುದ್ರ ಅದನ್ನು ತಂದು ಹಾಕಿತು. ಮಣ್ಣು ಒಣಗಿ ಉಪ್ಪು ತೊಳೆದುಹೋದ ಮೇಲೆ ರೈತರು ಅದೇ ನೆಲದಲ್ಲಿ ಭತ್ತ ನೆಟ್ಟರು.

ಇದನ್ನು ಢಾಕಾದ ಪರಿಸರ ಅಧ್ಯಯನ ಸಂಸ್ಥೆಯ ತಜ್ಞರು 1998ರಲ್ಲೇ ಪರಿಶೀಲಿಸಿ, ದೊಡ್ಡ ತೂಬುಗಳಿಗಿಂತ ಇದೇ ಮೇಲು ಎಂದು ವರದಿ ಕೊಟ್ಟರು. ಜನ ‘ಅಬಾಧ್ ಜೋಯಾರ್-ಭಾಟಾ’, ಅಂದರೆ ಅಡ್ಡಿಯಿಲ್ಲದ ಉಬ್ಬರ-ಇಳಿತ, ಎಂದು ಕರೆಯುತ್ತಿದ್ದ ಕೆಲಸಕ್ಕೆ ಆಗ ‘ಟೈಡಲ್ ರಿವರ್ ಮ್ಯಾನೇಜ್‌ಮೆಂಟ್’ ಎಂಬ ಸರಕಾರಿ ನಾಮಕರಣವಾಯಿತು. ಒಂದಾದ ಮೇಲೊಂದು ಬೀಲನ್ನು ಸರದಿಯಂತೆ ಮೂರು-ನಾಲ್ಕು ವರ್ಷ ಉಬ್ಬರಕ್ಕೆ ತೆರೆಯುವುದು, ಒಂದನ್ನು ಮುಚ್ಚುವ ಮೊದಲೇ ಇನ್ನೊಂದನ್ನು ಸಿದ್ಧ ಮಾಡುವುದು ಯೋಜನೆಯ ತಿರುಳು. ಹಾಳೆಯ ಮೇಲೆ ಇದಕ್ಕಿಂತ ಸೊಗಸಾದ ಯೋಜನೆ ಸಿಗುವುದು ಕಷ್ಟ.

ಭಾಯ್ನಾದ ನಂತರ 2002ರಲ್ಲಿ ಬೀಲ್ ಕೇದಾರಿಯಾ ತೆರೆಯಿತು. ನದಿ ಜೀವ ಹಿಡಿದುಕೊಂಡಿತು, ಆದರೆ ನೆಲ ಏರಿದ್ದು ಅತ್ಯಲ್ಪ. 2005ರಲ್ಲಿ ಅದನ್ನು ಮುಚ್ಚಿದಾಗ ಮುಂದಿನ ಬೀಲ್ ಸಿದ್ಧವಿರಲಿಲ್ಲ. ಒಂದೇ ಬೇಸಿಗೆಯಲ್ಲಿ ಹರಿ ನದಿ ತುಂಬಿಕೊಂಡಿತು, ಭವದಹ ಮತ್ತೆ ಮುಳುಗಿತು. 2006ರಲ್ಲಿ ಪೂರ್ವ ಖುಕ್ಷಿಯಾ ಬೀಲ್ ತೆರೆಯಿತು. ಮೂರು ವರ್ಷವೆಂದು ಹೇಳಿ ಆರು ವರ್ಷಕ್ಕೂ ಮೀರಿ ಎಳೆದರು. ಬಾಯಿಯ ಹತ್ತಿರದ ಹೊಲಗಳು ಎತ್ತರವಾದವು, ಹಿಂಭಾಗದವು ಹಾಗೇ ತಗ್ಗಿನಲ್ಲುಳಿದವು. ಬೆಳೆ ಪರಿಹಾರ ಕೊಡುತ್ತೇವೆ ಎಂದಿದ್ದರು. ಅದನ್ನು ಪಡೆಯಲು ಖಾತೆ, ಹಕ್ಕುಪತ್ರ, ವಾರಸುದಾರರ ಪ್ರಮಾಣಪತ್ರ ಎಲ್ಲ ಬೇಕು. ಅಜ್ಜನ ಹೆಸರಿನಲ್ಲಿರುವ ಮೂರು ಬಿಘಾ ಗದ್ದೆಗೆ ಹನ್ನೊಂದು ಜನ ವಾರಸುದಾರರಿದ್ದು, ಅವರಲ್ಲಿ ನಾಲ್ವರು ಗಡಿಯಾಚೆ ಇದ್ದರೆ ಕಾಗದ ಹೊಂದುವುದು ಹೇಗೆ? ಒಂದು ಸಣ್ಣ ಮೊತ್ತಕ್ಕಾಗಿ ಕಚೇರಿ ಅಲೆದು, ಕೈಬಿಸಿ ಮಾಡಿ, ಬಂದದ್ದಕ್ಕಿಂತ ಹೋದದ್ದೇ ಹೆಚ್ಚೆಂದು ಬಹಳ ಮಂದಿ ಅರ್ಜಿಯನ್ನೇ ಹಾಕಲಿಲ್ಲ. ಇನ್ನು ಬರ್ಗಾದಾರ, ಅಂದರೆ ಪಾಲಿಗೆ ಉಳುವ ಗೇಣಿದಾರ, ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ನೀರು ನಿಂತ ವರ್ಷಗಳಲ್ಲಿ ಮೊದಲು ಊರು ಬಿಡುವವನು ಅವನು.

ಮುಂದಿನ ಸರದಿ ಬೀಲ್ ಕಪಾಲಿಯಾದ್ದು. ಖುಕ್ಷಿಯಾದವರ ಪಾಡು ಕಣ್ಣಾರೆ ಕಂಡಿದ್ದ ಅಲ್ಲಿನವರು ಒಪ್ಪಲಿಲ್ಲ. ಸಿಗಡಿ ಕೊಳಗಳ ಮಾಲೀಕರ ಕುಮ್ಮಕ್ಕೂ ಇತ್ತೆನ್ನುತ್ತಾರೆ. ಇದ್ದಿರಬಹುದು, ಆದರೆ ಭಯಕ್ಕೆ ಕಾರಣವಿಲ್ಲದೆ ಕುಮ್ಮಕ್ಕು ನಾಟುವುದಿಲ್ಲ. 2012ರಲ್ಲಿ ಕೆಲಸ ಶುರುಮಾಡಲು ಹೋದ ಅಧಿಕಾರಿಗಳಿಗೂ ಜನರಿಗೂ ಹೊಡೆದಾಟವಾಗಿ ವಾಹನಗಳು ಸುಟ್ಟವು. ಅಲ್ಲಿಗೆ ಹರಿ ನದಿಯ ಸರದಿ ನಿಂತಿತು. ಕಪೋತಾಕ್ಷದ ಮೇಲೆ ತಾಲಾ ಉಪಜಿಲ್ಲೆಯ ಪಾಖಿಮಾರಾ ಬೀಲನ್ನು 2015ರಲ್ಲಿ ತೆರೆದಾಗ ಸರಕಾರ ಸ್ವಲ್ಪ ಪಾಠ ಕಲಿತಿತ್ತು: ಪರಿಹಾರವನ್ನು ಮೊದಲೇ ಯೋಜನಾ ವೆಚ್ಚದಲ್ಲಿ ಸೇರಿಸಿತ್ತು, ಬೀಲಿನ ಸುತ್ತ ಊರುಗಳಿಗೆ ತಡೆ ಏರಿ ಕಟ್ಟಿತ್ತು. ನದಿ ಚೇತರಿಸಿಕೊಂಡಿತು, ಮೇಲಿನ ಭಾಗದ ಲಕ್ಷಾಂತರ ಜನರ ಮನೆ ಒಣಗಿತು. ಆದರೆ ಮೊದಲ ವರ್ಷಗಳ ಹಣ ಬಂದ ಮೇಲೆ ಉಳಿದದ್ದು ಬಾಕಿಯಾಯಿತು, ತಡೆ ಏರಿ ಒಡೆದು ಬೀಲಿನ ಅಂಚಿನ ಹಳ್ಳಿಗಳಿಗೆ ನೀರು ನುಗ್ಗಿತು. ಮೇಲಿನವರ ಮನೆ ಒಣಗಲು ಪಾಖಿಮಾರಾದವರು ಮುಳುಗಿದರು ಎಂದು ಅಲ್ಲಿನವರು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಉಬ್ಬರ ನೆಲ ಎತ್ತರಿಸಬಲ್ಲದೇ ಎಂಬ ಅನುಮಾನ ಯಾರಿಗಾದರೂ ಉಳಿದಿದ್ದರೆ, 2009ರ ಮೇ 25ರ ಐಲಾ ಚಂಡಮಾರುತ ಅದನ್ನು ತೀರಿಸಿತು. ಸುಂದರಬನದ ಅಂಚಿನಲ್ಲಿರುವ 32ನೇ ಪೋಲ್ಡರ್‌ನ ಏರಿ ಹಲವು ಕಡೆ ಒಡೆದು, ಸುಮಾರು ಎರಡು ವರ್ಷ ಉಬ್ಬರ ಒಳಗೆ ಆಡಿತು. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳ ತಂಡ ಅಲ್ಲಿ ಅಳತೆ ಮಾಡಿ 2015ರಲ್ಲಿ ಪ್ರಕಟಿಸಿದ ಲೇಖನ ಈ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಒಡ್ಡು ಕಟ್ಟಿದ ಐವತ್ತು ವರ್ಷಗಳಲ್ಲಿ ಪೋಲ್ಡರ್‌ನ ಒಳನೆಲ ಪಕ್ಕದ ಸುಂದರಬನದ ನೆಲಕ್ಕಿಂತ ಒಂದರಿಂದ ಒಂದೂವರೆ ಮೀಟರ್ ತಗ್ಗಾಗಿತ್ತು. ಕಾಡಿಗೆ ವರ್ಷಕ್ಕೊಂದು ಸೆಂಟಿಮೀಟರಿನಷ್ಟು ಮಣ್ಣು ಬೀಳುತ್ತಿದ್ದಾಗ ಪೋಲ್ಡರ್ ಉಪವಾಸವಿತ್ತು. ಸಾಲದ್ದಕ್ಕೆ ಹಳೆಯ ಮಣ್ಣು ಒತ್ತೊತ್ತಾಗಿ ಕುಸಿಯುತ್ತಿತ್ತು. ಏರಿ ಒಡೆದ ಎರಡೇ ವರ್ಷದಲ್ಲಿ ಒಳಗೆ ಬಿದ್ದ ಮಣ್ಣು ಹತ್ತಾರು ಸೆಂಟಿಮೀಟರ್. ಅದೇ ಸಂಶೋಧಕರ ಬಳಗ ಎರಡು ವರ್ಷ ಬಿಟ್ಟು ಇನ್ನೊಂದು ಲೆಕ್ಕ ಕೊಟ್ಟಿತು: ಪೋಲ್ಡರ್‌ಗಳು ಬಂದ ಮೇಲೆ ಈ ಪ್ರದೇಶದಲ್ಲಿ ಹೂತುಹೋದ ಹೊಳೆಗಳ ಉದ್ದ 600 ಕಿ.ಮೀ.ಗೂ ಹೆಚ್ಚು. ಹೂತ ಹೊಳೆಯ ಮೇಲೆದ್ದ ಹೊಸ ನೆಲ ಕಾನೂನಿನ ಪ್ರಕಾರ ಸರಕಾರದ ‘ಖಾಸ್’ ಜಮೀನು, ಭೂಹೀನರಿಗೆ ಸಲ್ಲಬೇಕಾದ್ದು. ಬಲವಿದ್ದವರು ಅಲ್ಲಿ ಬೇಲಿ ಹಾಕಿ ಸಿಗಡಿ ಬಿಡುತ್ತಾರೆ. ನದಿ ಮತ್ತೆ ಹರಿಯಬಾರದು ಎಂದು ಹಾರೈಸುವವರೂ ಇದ್ದಾರೆಂಬುದು ಇದರಿಂದ ಗೊತ್ತಾಗುತ್ತದೆ.

ಉಳಿದ ಮದ್ದುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರೆಜರ್ ತಂದು ನದಿ ಅಗೆಯುವುದು ಗುತ್ತಿಗೆದಾರರಿಗೆ ಪ್ರಿಯವಾದ ದಾರಿ. ಉಬ್ಬರ ಆಡಲು ಬೀಲ್ ಇಲ್ಲದೆ ನದಿಯನ್ನು ಎಷ್ಟು ಅಗೆದರೂ ಮುಂದಿನ ಚೈತ್ರದೊಳಗೆ ಅದು ತುಂಬುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ. ಭವದಹದ ತೂಬಿನ ಬಾಯಲ್ಲಿ ಪಂಪ್ ಇಟ್ಟು ನೀರೆತ್ತುವುದನ್ನೂ ಮಾಡಿದ್ದಾರೆ. ಆ ವರ್ಷದ ಬೋರೊ, ಅಂದರೆ ಬೇಸಿಗೆಯ, ಭತ್ತ ಉಳಿದರೆ ಪಂಪಿಗೆ ಜೈ ಎನ್ನುವ ರೈತನನ್ನು ದೂರುವಂತಿಲ್ಲ, ಆದರೆ ಪಂಪು ಗದ್ದೆಯನ್ನು ಒಂದಂಗುಲವೂ ಎತ್ತರಿಸುವುದಿಲ್ಲ. ವಿಶ್ವಬ್ಯಾಂಕ್ 2013ರಲ್ಲಿ ಮಂಜೂರು ಮಾಡಿದ 40 ಕೋಟಿ ಡಾಲರಿನ ಯೋಜನೆ ಆಯ್ದ ಪೋಲ್ಡರ್‌ಗಳ ಏರಿಯನ್ನು ಇನ್ನಷ್ಟು ಎತ್ತರಕ್ಕೆ ಏರಿಸಿತು. ಚಂಡಮಾರುತದ ಅಲೆಗೆ ಅದು ಬೇಕು. ಆದರೆ ಒಳಗಿನ ನೆಲ ತಗ್ಗುತ್ತಲೇ ಹೋದರೆ ಏರಿ ಎತ್ತರವಾದಷ್ಟೂ ಒಡೆದ ದಿನದ ಅನಾಹುತವೂ ದೊಡ್ಡದಾಗುತ್ತದೆ. 2018ರಲ್ಲಿ ಒಪ್ಪಿಗೆಯಾದ ಬಾಂಗ್ಲಾದೇಶ ಡೆಲ್ಟಾ ಯೋಜನೆ 2100 ಉಬ್ಬರ ಬಿಡುವ ಪದ್ಧತಿಯನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಪಟ್ಟಿ ಉದ್ದವಿದೆ.

ಬೇರೆ ದೇಶಗಳ ಅನುಭವ ನೋಡಿದರೂ ಗಂಟು ಬೀಳುವುದು ನೆಲ ಯಾರದು, ನಷ್ಟ ಯಾರದು ಎಂಬಲ್ಲೇ. ಇಂಗ್ಲೆಂಡಿನ ಹಂಬರ್ ಅಳಿವೆಯ ಟ್ರೆಂಟ್, ಊಸ್ ನದಿಗಳ ದಂಡೆಯಲ್ಲಿ 18, 19ನೇ ಶತಮಾನಗಳಲ್ಲಿ ಭೂಮಾಲೀಕರು ಕಾಲುವೆ ತೋಡಿ, ತೂಬಿಟ್ಟು, ಉಬ್ಬರದ ಕೆಸರನ್ನು ಒಂದೆರಡು ವರ್ಷ ಹೊಲಕ್ಕೆ ಬಿಟ್ಟು ಜೌಗು ನೆಲವನ್ನು ಮೊದಲ ದರ್ಜೆಯ ಜಮೀನು ಮಾಡಿಕೊಂಡರು. ತಂತ್ರ ಭಾಯ್ನಾದ್ದೇ. ಅಲ್ಲಿ ಸಲೀಸಾಗಿ ನಡೆಯಿತು, ಯಾಕೆಂದರೆ ಸಾವಿರ ಎಕರೆಗೆ ಒಬ್ಬ ಒಡೆಯ. ನಷ್ಟವೂ ಅವನದು, ಲಾಭವೂ ಅವನದು. ಶೆಲ್ಟ್ ಅಳಿವೆಯ ಹೆಡ್ವಿಗೆ ಪೋಲ್ಡರನ್ನು ನದಿಗೆ ಮರಳಿಸಲು ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಫ್ಲಾಂಡರ್ಸ್ 2005ರಲ್ಲಿ ಒಪ್ಪಂದ ಮಾಡಿಕೊಂಡವು. ರೈತರ ವಿರೋಧ, ನ್ಯಾಯಾಲಯ, ಸರಕಾರಗಳ ಹಿಂದೇಟು ಎಲ್ಲ ದಾಟಿ ನೀರು ಒಳಬಂದದ್ದು 2022ರಲ್ಲಿ. ಪೋಲ್ಡರ್ ಕಲಿಸಿದ ದೇಶದಲ್ಲೇ ಒಂದು ಪೋಲ್ಡರ್ ಬಿಡಿಸಲು ಹದಿನೇಳು ವರ್ಷ! ಅಮೆರಿಕದ ಲೂಸಿಯಾನಾದಲ್ಲಿ ಮಿಸಿಸಿಪ್ಪಿಯ ಒಡ್ಡಿಗೆ ಬಾಗಿಲಿಟ್ಟು ಮುಳುಗುತ್ತಿರುವ ಜೌಗಿಗೆ ಮಣ್ಣು ಉಣಿಸುವ ಮಿಡ್-ಬಾರಾಟಾರಿಯಾ ಯೋಜನೆ, ಸುಮಾರು 300 ಕೋಟಿ ಡಾಲರಿನದು, 2023ರಲ್ಲಿ ಗುದ್ದಲಿಪೂಜೆ ಮಾಡಿಸಿಕೊಂಡು 2025ರಲ್ಲಿ ರದ್ದಾಯಿತು. ಸಿಹಿನೀರು ನುಗ್ಗಿದರೆ ತಮ್ಮ ಸಿಂಪಿ, ಸಿಗಡಿ ಹಾಳಾಗುತ್ತದೆಂಬ ಮೀನುಗಾರರ ವಿರೋಧ ಅದರ ಒಂದು ಮುಖ್ಯ ಕಾರಣ. ನಮ್ಮ ದೇಶದ ಪಾಲಿನ ಸುಂದರಬನದಲ್ಲಿ, ನೆಲ ಸಾಕಷ್ಟು ಏಳುವ ಮೊದಲೇ ಒಡ್ಡು ಹಾಕಿ ಒಕ್ಕಲು ಕೂರಿಸಿದ ದ್ವೀಪಗಳಲ್ಲಿ, ಐಲಾ ನಂತರ ಒಡ್ಡನ್ನು ಹಿಂದಕ್ಕೆ ಸರಿಸಿ ಕಟ್ಟಲು ಬೇಕಾದ ಜಮೀನು ಬಿಡಿಸಿಕೊಳ್ಳಲಾಗದೆ ಕೆಲಸ ಕುಂಟಿತು.

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದೆಲ್ಲ ಪೂರ್ತಿ ಅಪರಿಚಿತವಲ್ಲ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಉಳಿದ ಕಾಲದಲ್ಲಿ ಉಬ್ಬರದ ಜತೆ ಬರುವ ಮೀನು-ಸಿಗಡಿ, ವರ್ಷವೂ ಊರವರು ಸೇರಿ ಕಟ್ಟುವ ಒಡ್ಡು. ಹೊಳೆ ಚಿಕ್ಕದು, ಹೂಳೂ ಅಷ್ಟಿಲ್ಲ, ಹಾಗಾಗಿ ಹೋಲಿಕೆಯನ್ನು ತುಂಬ ದೂರ ಎಳೆಯಲಾಗದು. ಆದರೆ ಬಾಗಿಲು ಯಾವಾಗ ತೆರೆಯಬೇಕು ಎಂಬುದನ್ನು ಊರು ಕೂತು ತೀರ್ಮಾನಿಸುತ್ತಿದ್ದ ಪದ್ಧತಿ ಎರಡೂ ಕಡೆ ಒಂದೇ, ಸಿಗಡಿಯ ದುಡ್ಡು ಬಂದ ಮೇಲೆ ಅದು ಸಡಿಲವಾದದ್ದೂ ಒಂದೇ.

ಹಾಗಾದರೆ ಖುಲ್ನಾದ ಮುಂದಿನ ದಾರಿ ಯಾವುದು? ಮಣ್ಣು ಸಮನಾಗಿ ಬೀಳುವುದಿಲ್ಲವೆಂಬ ತೊಡಕಿಗೆ ಉತ್ತರಗಳಿವೆ: ಬೀಲನ್ನು ಒಳ ಏರಿಗಳಿಂದ ಭಾಗ ಮಾಡಿ ಹಿಂಭಾಗದಿಂದ ತುಂಬುತ್ತ ಬರುವುದು, ಬಾಯಿಯ ಜಾಗ ಬದಲಿಸುವುದು, ಒಳಗಿನ ಹಳೆಯ ಕಾಲುವೆಗಳನ್ನು ಮೊದಲೇ ತೋಡಿಡುವುದು. ವರ್ಷವಿಡೀ ತೆರೆಯದೆ ಹೂಳು ದಟ್ಟವಿರುವ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಉಬ್ಬರ ಬಿಟ್ಟು, ಮಳೆಗಾಲಕ್ಕೆ ಮುಚ್ಚಿ ಒಂದು ಬೆಳೆಯನ್ನಾದರೂ ಉಳಿಸುವ ಸಲಹೆಯೂ ಇದೆ. ಅಷ್ಟಮಾಸಿಯ ಹೊಸ ಅವತಾರವೆನ್ನಬಹುದು. ಇವುಗಳಿಗೆಲ್ಲ ಮಾದರಿ ಲೆಕ್ಕ ಹಾಕಬಲ್ಲ ಎಂಜಿನಿಯರುಗಳು ಢಾಕಾದಲ್ಲೇ ಇದ್ದಾರೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಹಣದ ರೂಪ. ಪರಿಹಾರವೆಂದರೆ ನಷ್ಟವಾದ ಮೇಲೆ ಕಾಗದ ತೋರಿಸಿ ಬೇಡಿ ಪಡೆಯುವುದು. ಅದರ ಬದಲು ನದಿ ನಿಮ್ಮ ಗದ್ದೆಯನ್ನು ನಾಲ್ಕು ವರ್ಷಕ್ಕೆ ಗೇಣಿಗೆ ಹಿಡಿದಿದೆ ಎಂದುಕೊಂಡು ವರ್ಷದ ಮೊದಲೇ ಗೇಣಿ ಕೊಟ್ಟುಬಿಟ್ಟರೆ? ಉಳುವವನಿಗೆ ಒಂದು ಪಾಲು, ಒಡೆಯನಿಗೆ ಒಂದು ಪಾಲು. ಮುಂದಿನ ಮೂವತ್ತು ವರ್ಷ ಯಾವ ಬೀಲ್ ಯಾವಾಗ ಎಂಬ ಸರದಿ ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಅಂಟಿಸಿದರೆ, ಮಗಳ ಮದುವೆ, ಮನೆಯ ಪಾಯ, ಸಾಲದ ಕಂತು ಎಲ್ಲವನ್ನೂ ಜನ ಅದಕ್ಕೆ ಹೊಂದಿಸಿಕೊಳ್ಳಬಲ್ಲರು. ಒಂದು ನದಿಯ ಕಣಿವೆಯಲ್ಲಿ ಒಣಗಿದ ಊರುಗಳಿಗೆ ಆಗುವ ಲಾಭದ ಎದುರು ಈ ಗೇಣಿ ದೊಡ್ಡ ಮೊತ್ತವಾಗಲಾರದು. ಯೋಜನೆಗೆ ಮುಕ್ತಾಯದ ದಿನಾಂಕ ಬರೆದು, ರಿಬ್ಬನ್ ಕತ್ತರಿಸಿ, ಕಡತ ಮುಚ್ಚುವ ಅಭ್ಯಾಸವಿರುವ ಇಲಾಖೆಗೆ ಮುಗಿಯದ ಕೆಲಸಕ್ಕೆ ವರ್ಷವರ್ಷ ಹಣ ಇಡುವುದು ಒಗ್ಗುವುದಿಲ್ಲ, ಅದೇ ತೊಂದರೆ.

ಮಣ್ಣೂ ಶಾಶ್ವತವಲ್ಲ. ಮೇಲೆ ಭಾರತ, ಚೀನಾ, ನೇಪಾಳಗಳಲ್ಲಿ ಅಣೆಕಟ್ಟುಗಳು ಹೆಚ್ಚಿದಂತೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. 1996ರ ಗಂಗಾ ನೀರು ಹಂಚಿಕೆ ಒಪ್ಪಂದ ಜನವರಿಯಿಂದ ಮೇವರೆಗೆ ಫರಕ್ಕಾದಲ್ಲಿ ಹತ್ತು ಹತ್ತು ದಿನಕ್ಕೆ ಎಷ್ಟು ಕ್ಯೂಸೆಕ್ಸ್ ಯಾರಿಗೆ ಎಂದು ಕೋಷ್ಟಕ ಹಾಕಿ ಹೇಳುತ್ತದೆ. ಆ ನೀರು ಹೊತ್ತು ತರುವ ಮಣ್ಣಿನ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಅದರ ಮೂವತ್ತು ವರ್ಷದ ಅವಧಿ 2026ರ ಡಿಸೆಂಬರಿಗೆ ಮುಗಿಯುತ್ತದೆ.